ಎರಡು ನಿಮಿಷದ ತೀರ್ಪಿಗೆ ಎರಡು ವರ್ಷದ ತಯಾರಿ: ಪುಟ್ಟ ನಾಯಿಗಳ ಪ್ರದರ್ಶನ ಲೋಕ

ಬೆಂಗಳೂರು: ಚಳಿಗಾಲದ ಭಾನುವಾರವೊಂದರ ಬೆಳಗ್ಗೆ ಶ್ವಾನ ಪ್ರದರ್ಶನ ನಡೆಯುವ ಮೈದಾನಕ್ಕೆ ಹೋದರೆ ಜನ ಎಲ್ಲಿ ಮುತ್ತಿಕೊಂಡಿರುತ್ತಾರೆ ಎಂಬುದನ್ನು ಹೇಳಬೇಕಿಲ್ಲ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ರಾಟ್‌ವೀಲರ್‌ಗಳ ಸುತ್ತ ಕ್ಯಾಮೆರಾ ಹಿಡಿದವರ ಗುಂಪು, ಹೆಗಲೇರಿದ ಮಕ್ಕಳು. ಶಾಮಿಯಾನದ ಇನ್ನೊಂದು ಮೂಲೆಯಲ್ಲಿ ಮಾತ್ರ ಮಡಚುವ ಮೇಜಿನ ಮೇಲೆ ಎರಡು ಕೆ.ಜಿ. ತೂಕದ ಪಾಮೆರೇನಿಯನ್ ಒಂದು ಅಲುಗಾಡದೆ ನಿಂತಿರುತ್ತದೆ. ಒಡತಿ ಅದರ ತುಪ್ಪಳಕ್ಕೆ ನೀರಿನ ಹನಿ ಸಿಂಪಡಿಸಿ, ಎಳೆ ಎಳೆಯಾಗಿ ಬಿಡಿಸಿ ಬಾಚುತ್ತಿರುತ್ತಾರೆ. ಬೆಳಗಿನ ಐದಕ್ಕೆ ಆರಂಭವಾದ ಕೆಲಸವದು.

ಸರದಿ ಬಂದಾಗ ತೀರ್ಪುಗಾರರು ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ಹಲ್ಲು ನೋಡುತ್ತಾರೆ. ತಲೆ, ಭುಜ, ಬೆನ್ನು, ಹಿಂಗಾಲುಗಳ ಮೇಲೆ ಕೈಯಾಡಿಸುತ್ತಾರೆ. ಬಳಿಕ ರಿಂಗ್‌ನಲ್ಲಿ ಒಮ್ಮೆ ತ್ರಿಕೋನಾಕಾರದಲ್ಲಿ, ಇನ್ನೊಮ್ಮೆ ನೇರವಾಗಿ ಹೋಗಿ ಬರುವಂತೆ ಸೂಚಿಸುತ್ತಾರೆ. ಎಲ್ಲ ಸೇರಿ ಎರಡು ಮೂರು ನಿಮಿಷ. ಈ ಎರಡು ಮೂರು ನಿಮಿಷದಲ್ಲಿ ನಾಯಿ ಒಮ್ಮೆ ಹೆದರಿ ಬಾಲ ಇಳಿಸಿದರೆ, ಒಮ್ಮೆ ತೀರ್ಪುಗಾರರ ಬೆರಳಿಗೆ ಬಾಯಿ ಹಾಕಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ!

ಪುಟ್ಟ ತಳಿಯ ನಾಯಿಗಳನ್ನು ಪ್ರದರ್ಶನಕ್ಕೆ ಬೆಳೆಸುವುದೆಂದರೆ ಸ್ನಾನ ಮಾಡಿಸಿ ರಿಬ್ಬನ್ ಕಟ್ಟುವುದು ಎಂಬ ಭಾವನೆ ಬಹಳ ಮಂದಿಯಲ್ಲಿದೆ. ವಾಸ್ತವದಲ್ಲಿ ಇದು ಮರಿಯ ಆಯ್ಕೆಯಿಂದ ಹಿಡಿದು ಮೊಣಕಾಲಿನ ಚಿಪ್ಪಿನವರೆಗೆ ನೂರು ಸಂಗತಿಗಳನ್ನು ಬಲ್ಲವರ ಕೆಲಸ. ಅಷ್ಟೇ ಅಲ್ಲ, ಕೆಲವೊಮ್ಮೆ ಕಪ್ ಗೆಲ್ಲುವ ಲಕ್ಷಣವೇ ನಾಯಿಯ ಉಸಿರಿಗೆ ಮುಳುವಾಗುವ ವಿಚಿತ್ರವೂ ಇದೇ ಲೋಕದಲ್ಲಿದೆ.

ಸೌಂದರ್ಯ ಸ್ಪರ್ಧೆಯಲ್ಲ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ರಿಂಗ್‌ನಲ್ಲಿ ನಿಂತ ನಾಯಿಗಳನ್ನು ತೀರ್ಪುಗಾರರು ಒಂದಕ್ಕೊಂದು ಹೋಲಿಸಿ 'ಯಾವುದು ಮುದ್ದಾಗಿದೆ' ಎಂದು ನೋಡುವುದಿಲ್ಲ. ಪ್ರತಿ ತಳಿಗೂ ಲಿಖಿತ ಮಾನದಂಡವೊಂದಿದೆ. ತಲೆಬುರುಡೆಯ ಆಕಾರ, ಕಣ್ಣಿನ ಬಣ್ಣ, ಹಲ್ಲುಗಳ ಜೋಡಣೆ, ಬಾಲದ ನಿಲುವು, ನಡಿಗೆ, ಸ್ವಭಾವ ಹೀಗಿರಬೇಕು ಎಂದು ಅದು ವಿವರಿಸುತ್ತದೆ. ಕಣ್ಣೆದುರಿನ ನಾಯಿ ಆ ಕಾಗದದ ಮೇಲಿನ ಆದರ್ಶಕ್ಕೆ ಎಷ್ಟು ಹತ್ತಿರವಿದೆ ಎಂಬುದೇ ಪರೀಕ್ಷೆ.

ಉದಾಹರಣೆಗೆ ಪಾಮೆರೇನಿಯನ್. ಬ್ರಿಟನ್ನಿನ ಮಾನದಂಡದ ಪ್ರಕಾರ ಗಂಡಿನ ಆದರ್ಶ ತೂಕ 1.8ರಿಂದ 2 ಕೆ.ಜಿ., ಹೆಣ್ಣಿನದು 2ರಿಂದ 2.5 ಕೆ.ಜಿ. ಹೆಣ್ಣಿಗೆ ತೂಕ ಹೆಚ್ಚೇಕೆ ಎಂದರೆ ಅದು ಮರಿ ಹಾಕಬೇಕಲ್ಲ! ಮೇಲಿನ ಹಲ್ಲುಸಾಲು ಕೆಳಗಿನದನ್ನು ಕತ್ತರಿಯಂತೆ ಮುಚ್ಚಬೇಕು. ಬಾಲ ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಬೇಕು. ಅದೇ ಶಿ ತ್ಸು ತಳಿಯಲ್ಲಿ ಕೆಳದವಡೆ ತುಸು ಮುಂದೆ ಚಾಚಿದ್ದರೆ ಅದು ದೋಷವಲ್ಲ, ಲಕ್ಷಣ. ಪಗ್‌ನ ಆದರ್ಶ ತೂಕ 6.3ರಿಂದ 8.1 ಕೆ.ಜಿ. ಒಂದು ತಳಿಯ ಗುಣ ಮತ್ತೊಂದರ ಅವಗುಣ.

ಗುಂಪುಗಳ ವಿಂಗಡಣೆಯಲ್ಲೂ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಬ್ರಿಟನ್, ಅಮೆರಿಕಗಳಲ್ಲಿ ಪಾಮೆರೇನಿಯನ್ 'ಟಾಯ್' ಗುಂಪಿಗೆ ಸೇರಿದರೆ, ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಅದನ್ನು ಸ್ಪಿಟ್ಜ್ ಜಾತಿಯೆಂದು ಪರಿಗಣಿಸಿ 5ನೇ ಗುಂಪಿನಲ್ಲಿ ಇರಿಸಿದೆ. ಪಗ್, ಶಿ ತ್ಸು, ಲಾಸಾ ಆಪ್ಸೊ, ಚಿವಾವಾ, ಪೆಕಿನೀಸ್‌ಗಳಿಗೆ ಎಫ್‌ಸಿಐ ಕೊಟ್ಟಿರುವುದು 9ನೇ ಗುಂಪು. ಅಂದರೆ ಒಡನಾಡಿ ನಾಯಿಗಳ ಗುಂಪು. ಗಿಡ್ಡಗಾಲಿನ ಡ್ಯಾಕ್ಸ್‌ಹಂಡ್‌ಗೆ ಮಾತ್ರ ತನ್ನದೇ ಪ್ರತ್ಯೇಕ ಗುಂಪು.

ತನ್ನ ತಳಿಯಲ್ಲಿ ಮೊದಲ ಸ್ಥಾನ ಪಡೆದ ನಾಯಿ ಗುಂಪಿನ ಸ್ಪರ್ಧೆಗೂ, ಗುಂಪು ಗೆದ್ದದ್ದು ಅಂತಿಮವಾಗಿ 'ಬೆಸ್ಟ್ ಇನ್ ಶೋ' ಸುತ್ತಿಗೂ ಹೋಗುತ್ತದೆ. ಇನ್ನು 'ಚಾಂಪಿಯನ್' ಎಂಬ ಬಿರುದು ಒಂದೇ ದಿನದಲ್ಲಿ ದಕ್ಕುವಂಥದ್ದಲ್ಲ. ತೀರ್ಪುಗಾರರು ನೀಡುವ 'ಚಾಲೆಂಜ್ ಸರ್ಟಿಫಿಕೇಟ್'ಗಳು ಬೇರೆ ಬೇರೆ ತೀರ್ಪುಗಾರರ ಕೈಯಿಂದಲೇ ಬಂದಿರಬೇಕು. ಬ್ರಿಟನ್ನಿನಲ್ಲಿ ಇಂಥ ಮೂರು ಪತ್ರಗಳು ಬೇಕು. ಅವುಗಳಲ್ಲಿ ಒಂದಾದರೂ ನಾಯಿಗೆ ವರ್ಷ ತುಂಬಿದ ಬಳಿಕ ಪಡೆದದ್ದಾಗಿರಬೇಕು. ಒಬ್ಬ ತೀರ್ಪುಗಾರರ ಒಲವು ಒಂದು ನಾಯಿಯ ಭವಿಷ್ಯವನ್ನು ನಿರ್ಧರಿಸದಿರಲಿ ಎಂಬುದೇ ಇದರ ಉದ್ದೇಶ.

ನಮ್ಮ ಮನೆಯ 'ಪಾಮ್' ಪಾಮೇ?

ಇಲ್ಲಿಯೇ ಅನೇಕ ಕುಟುಂಬಗಳಿಗೆ ಮೊದಲ ಆಘಾತ ಕಾದಿರುತ್ತದೆ. 1980 ಮತ್ತು 90ರ ದಶಕಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದ ಬಿಳಿಯ, ಚೂಪು ಮೂತಿಯ, ಗೇಟಿನ ಬಳಿ ಯಾರು ಸುಳಿದರೂ ಬೊಗಳುತ್ತಿದ್ದ 'ಪಮೇರಿಯನ್' ನೆನಪಿದೆಯಲ್ಲವೇ? 1994ರಲ್ಲಿ ತೆರೆಕಂಡ ಹಿಂದಿಯ 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ಆ ನಾಯಿಗೆ ಇನ್ನಷ್ಟು ಅಭಿಮಾನಿಗಳನ್ನು ತಂದುಕೊಟ್ಟಿತು. ಆದರೆ ಅವುಗಳಲ್ಲಿ ಹೆಚ್ಚಿನವು ಪಾಮೆರೇನಿಯನ್ ಅಲ್ಲ, ಇಂಡಿಯನ್ ಸ್ಪಿಟ್ಜ್. ಮೂಲ ಯುರೋಪಿನ ಸ್ಪಿಟ್ಜ್ ಆದರೂ ನಮ್ಮ ಬಿಸಿಲಿಗೆ ಒಗ್ಗಿಕೊಂಡ, ಗಾತ್ರದಲ್ಲಿ ದೊಡ್ಡದಾದ, ಮೂತಿ ಉದ್ದವಿರುವ ಬೇರೆಯೇ ನಾಯಿ. ಮನೆನಾಯಿಯಾಗಿ ಅದಕ್ಕೆ ಸಾಟಿ ಕಡಿಮೆ. ಆದರೆ ಪಾಮೆರೇನಿಯನ್ ಎಂದು ಹೆಸರು ಬರೆಸಿ ರಿಂಗ್‌ಗೆ ಇಳಿಸಿದರೆ ನಿರಾಸೆಯೇ ಗತಿ.

ಎರಡನೆಯ ಅಡ್ಡಿ ಕಾಗದಪತ್ರ. ಚೆನ್ನೈನಲ್ಲಿ ಮುಖ್ಯ ಕಚೇರಿಯಿರುವ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಮಾನ್ಯತೆಯುಳ್ಳ ಚಾಂಪಿಯನ್‌ಶಿಪ್ ಪ್ರದರ್ಶನಗಳಲ್ಲಿ ಭಾಗವಹಿಸಲು ನಾಯಿಯ ನೋಂದಣಿ ಆಗಿರಬೇಕು. ವಂಶಾವಳಿ ಪತ್ರದಲ್ಲಿ ತಂದೆ ತಾಯಿ, ಅಜ್ಜ ಮುತ್ತಜ್ಜರ ಹೆಸರುಗಳಿರುತ್ತವೆ. ಚರ್ಮದಡಿ ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್‌ನಲ್ಲಿ 15 ಅಂಕಿಗಳ ಸಂಖ್ಯೆ. ಮಾರುವವರು 'ಪೇಪರ್ ಆಮೇಲೆ ಕೊಡ್ತೀವಿ' ಎಂದು ಹೇಳಿದರೆಂದರೆ ಬಹುಮಟ್ಟಿಗೆ ಅದು ಬಾರದ ಪೇಪರ್. ಚಿಪ್ ಓದುವ ಯಂತ್ರದಲ್ಲಿ ಬರುವ ಸಂಖ್ಯೆಗೂ ಪತ್ರದಲ್ಲಿರುವ ಸಂಖ್ಯೆಗೂ ತಾಳೆಯಿದೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ನೋಡುವುದು ಕ್ಷೇಮ. ಪತ್ರ ಒಂದು ನಾಯಿಯದ್ದು, ಮರಿ ಇನ್ನೊಂದರದ್ದು ಆಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

'ಟೀಕಪ್ ಪಾಮ್', 'ಮೈಕ್ರೊ ಶಿ ತ್ಸು' ಎಂಬ ಜಾಹೀರಾತುಗಳ ಬಗ್ಗೆಯೂ ಎರಡು ಮಾತು. ಇಂಥ ಹೆಸರಿನ ತಳಿಯನ್ನು ಯಾವ ಪ್ರಮುಖ ಕೆನೆಲ್ ಕ್ಲಬ್ಬೂ ಮಾನ್ಯ ಮಾಡಿಲ್ಲ. ಅತಿ ಸಣ್ಣ ಮರಿಗೆ ಅತಿ ದೊಡ್ಡ ಬೆಲೆ ಎಂಬ ವ್ಯಾಪಾರವಷ್ಟೇ ಅದು. ತಾಯಿಯಿಂದ ಬೇಗನೆ ಬೇರ್ಪಡಿಸಿದ ಆರು ವಾರದ ಮರಿಯನ್ನು ಹತ್ತು ವಾರದ್ದೆಂದು ತೋರಿಸಿದರೆ ಅದು ಸಹಜವಾಗಿಯೇ 'ಟೀಕಪ್'ನಂತೆ ಕಾಣುತ್ತದೆ. 2017ರ ಶ್ವಾನ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ; ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡುವ ಹಕ್ಕು ಕೊಳ್ಳುವವರಿಗಿದೆ, ಕೇಳುವವರು ಮಾತ್ರ ವಿರಳ.

ರಾಣಿಯ ಮಾರ್ಕೊ

ಪಾಮೆರೇನಿಯನ್ ಇಷ್ಟು ಪುಟ್ಟದಾದದ್ದೇ ಪ್ರದರ್ಶನದ ದೆಸೆಯಿಂದ ಎಂದರೆ ಅಚ್ಚರಿಯಾದೀತು. ಸಂಘಟಿತ ಶ್ವಾನ ಪ್ರದರ್ಶನ ಆರಂಭವಾದದ್ದು 1859ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ. ಅಲ್ಲಿ ಬಂದದ್ದು ಬೇಟೆನಾಯಿಗಳು ಮಾತ್ರ. 1873ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಹುಟ್ಟಿತು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಪಾಮೆರೇನಿಯನ್‌ಗಳಿಗೆ ಮನಸೋತು ಕೆಲವನ್ನು ತಂದರು. ಅವುಗಳಲ್ಲೊಂದು ಮಾರ್ಕೊ. ತೂಕ 12 ಪೌಂಡ್, ಅಂದರೆ ಸುಮಾರು ಐದೂವರೆ ಕೆ.ಜಿ. ಆ ಕಾಲದ ಪಾಮೆರೇನಿಯನ್‌ಗಳ ಮುಂದೆ ಅದು ಕುಬ್ಜ! 1891ರ ಪ್ರದರ್ಶನದಲ್ಲಿ ಮಾರ್ಕೊ ಕಾಣಿಸಿಕೊಂಡದ್ದೇ ತಡ, ಎಲ್ಲರಿಗೂ ಸಣ್ಣ ಪಾಮೇ ಬೇಕಾಯಿತು. ರಾಣಿಯ ಜೀವಿತಾವಧಿಯಲ್ಲೇ ತಳಿಯ ಗಾತ್ರ ಅರ್ಧಕ್ಕಿಳಿಯಿತು ಎನ್ನಲಾಗುತ್ತದೆ. ರಾಣಿಗೆ ಚಿಕ್ಕದಾಗಿ ಕಂಡ ಮಾರ್ಕೊ ಇಂದಿನ ರಿಂಗ್‌ಗೆ ಬಂದರೆ 'ಗಾತ್ರ ಮೀರಿದೆ' ಎಂದು ಹೊರಗೆ ನಿಲ್ಲಬೇಕಾದೀತು.

ಗಾತ್ರ ಕುಗ್ಗಿದಂತೆ ದೇಹದ ಲೆಕ್ಕಾಚಾರವೂ ಬದಲಾಯಿತು. ಅದರ ಪರಿಣಾಮವನ್ನು ಮರಿ ಸಾಕುವವರು ಮೊದಲ ವಾರದಿಂದಲೇ ಎದುರಿಸುತ್ತಾರೆ.

ಎಂಟು ವಾರದ ಮರಿ

ಎರಡು ತಿಂಗಳ ಪಾಮೆರೇನಿಯನ್ ಅಥವಾ ಚಿವಾವಾ ಮರಿ ಒಂದು ಹೊತ್ತಿನ ಊಟ ತಪ್ಪಿಸಿಕೊಂಡರೂ ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಯಕೃತ್ತಿನಲ್ಲಿ ಸಂಗ್ರಹವಾಗುವ ಶಕ್ತಿ ಅಷ್ಟು ಕಡಿಮೆ. ಆಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಮಂಕಾಗಿ, ತೂರಾಡಿ, ಮೈ ತಣ್ಣಗಾಗಿ ಬಿದ್ದರೆ ಒಸಡಿಗೆ ಜೇನುತುಪ್ಪ ಅಥವಾ ಸಕ್ಕರೆ ನೀರು ಸವರಿ ತಕ್ಷಣ ಪಶುವೈದ್ಯರ ಬಳಿಗೆ ಒಯ್ಯಬೇಕು. ಆದ್ದರಿಂದಲೇ ಈ ವಯಸ್ಸಿನಲ್ಲಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವೇ ಉಣಿಸುವ ಪದ್ಧತಿ. ಹೊಸ ಮನೆಗೆ ಬಂದ ಮೊದಲ ರಾತ್ರಿ ಮರಿ ಊಟ ಬಿಟ್ಟು ಅಳುತ್ತಿದ್ದರೆ 'ನಾಳೆ ಸರಿಹೋಗುತ್ತದೆ' ಎಂದು ಮಲಗುವುದು ಸಲ್ಲದು.

ಇನ್ನು ಲಸಿಕೆ ಮತ್ತು ಸಹವಾಸದ ನಡುವಿನ ಇಕ್ಕಟ್ಟು. ನಾಯಿಮರಿ ಜಗತ್ತನ್ನು ಭಯವಿಲ್ಲದೆ ಸ್ವೀಕರಿಸುವ ಕಾಲ ಸುಮಾರು ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರಗಳವರೆಗೆ ಮಾತ್ರ. ಅಮೆರಿಕದ ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದ ನಂತರ ಇದು ಎಲ್ಲ ತರಬೇತುದಾರರು ಒಪ್ಪಿದ ಸಂಗತಿ. ಆದರೆ ಇದೇ ಅವಧಿಯಲ್ಲಿ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಪೂರ್ಣಗೊಂಡಿರುವುದಿಲ್ಲ. ಆರೆಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, 16 ವಾರಗಳವರೆಗೆ ಅದು ನಡೆಯುತ್ತದೆ. ಹೊರಗೆ ಬಿಟ್ಟರೆ ರೋಗದ ಭಯ, ಒಳಗೇ ಇಟ್ಟರೆ ಜೀವನಪೂರ್ತಿ ಪುಕ್ಕಲುತನದ ಭಯ. ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘದ ನಿಲುವು ಸ್ಪಷ್ಟವಾಗಿದೆ: ಮೊದಲ ಲಸಿಕೆಯಾಗಿ ವಾರ ಕಳೆದ ಬಳಿಕ ಮರಿಯನ್ನು ಶುಚಿಯಾದ ಜಾಗಗಳಲ್ಲಿ, ಲಸಿಕೆ ಪಡೆದ ನಾಯಿಗಳ ಜತೆ ಬೆರೆಸಬೇಕು.

ನಮ್ಮ ನಗರಗಳಲ್ಲಿ ಬೀದಿಯ ನೆಲ ಶುಚಿಯೆಂದು ಹೇಳಲು ಧೈರ್ಯ ಸಾಲದು. ಅನುಭವಿಗಳ ಉಪಾಯ ಸರಳ. ಮರಿಯನ್ನು ಚೀಲದಲ್ಲೋ ತೋಳಿನಲ್ಲೋ ಎತ್ತಿಕೊಂಡು ಬಸ್ ನಿಲ್ದಾಣ, ತರಕಾರಿ ಮಾರುಕಟ್ಟೆ, ಮದುವೆ ಛತ್ರದ ಹೊರಗೆಲ್ಲ ನಿಂತು ಬರುವುದು. ನೆಲಕ್ಕೆ ಇಳಿಸುವಂತಿಲ್ಲ, ಕಿವಿ, ಕಣ್ಣು, ಮೂಗುಗಳಿಗೆ ಮಾತ್ರ ಲೋಕದ ಪರಿಚಯ. ಧ್ವನಿವರ್ಧಕದ ಗದ್ದಲಕ್ಕೆ, ಛತ್ರಿ ಬಿಚ್ಚುವ ಸದ್ದಿಗೆ, ಟೋಪಿ ಧರಿಸಿದ ಅಪರಿಚಿತರಿಗೆ ಮರಿ ಅಂಜದಂತಾಗಬೇಕು. ಪ್ರದರ್ಶನದ ಮೈದಾನದಲ್ಲಿ ಈ ಮೂರೂ ಧಾರಾಳ.

ಮೇಜಿನ ಪಾಠ

ದೊಡ್ಡ ನಾಯಿಗಳನ್ನು ನೆಲದ ಮೇಲೆ ಪರೀಕ್ಷಿಸಿದರೆ ಪುಟ್ಟ ನಾಯಿಗಳಿಗೆ ಮೇಜು. ನಾಯಿಯ ದೃಷ್ಟಿಯಿಂದ ಯೋಚಿಸಿ: ತನ್ನ ಎತ್ತರದ ನಾಲ್ಕು ಪಟ್ಟು ಮೇಲೆ, ಅಂಚು ಕಾಣುವ ಹಲಗೆಯ ಮೇಲೆ ನಿಂತಿದೆ, ಗುರುತಿಲ್ಲದವರೊಬ್ಬರು ಬಂದು ತುಟಿ ಎತ್ತುತ್ತಾರೆ. ಅಂಜದಿದ್ದರೆ ಅದೇ ಆಶ್ಚರ್ಯ. ಹೀಗಾಗಿ ಮೇಜಿನ ಪಾಠ ಮನೆಗೆ ಬಂದ ಮೊದಲ ವಾರದಲ್ಲೇ ಶುರುವಾಗಬೇಕು.

ಮೇಜಿನ ಮೇಲೆ ಜಾರದ ರಬ್ಬರ್ ಹಾಸು ಅತ್ಯಗತ್ಯ. ಮೊದಲ ದಿನ ಹತ್ತು ಸೆಕೆಂಡು ನಿಲ್ಲಿಸಿ, ಬೇಯಿಸಿದ ಕೋಳಿ ಯಕೃತ್ತಿನ ಚೂರೊಂದನ್ನು ಕೊಟ್ಟು ಇಳಿಸುವುದು. ಮಾರನೆಯ ದಿನ ಬೆನ್ನ ಮೇಲೆ ಕೈ, ನಂತರ ಪಾದ, ಕಿವಿ, ಕೊನೆಗೆ ತುಟಿ. ಒಂದೊಂದು ಪಾಠವೂ ಮೂರು ನಾಲ್ಕು ನಿಮಿಷ ಮೀರಬಾರದು. ಮರಿ ಬೇಸರಗೊಳ್ಳುವ ಮುನ್ನ ಮುಗಿಯಬೇಕು. ಬಳಿಕ ನೆಂಟರಿಷ್ಟರು, ಪಕ್ಕದ ಮನೆಯವರು, ಹಾಲು ಹಾಕುವ ಹುಡುಗ, ಎಲ್ಲರೂ ಸರದಿಯಂತೆ 'ತೀರ್ಪುಗಾರ'ರಾಗಬೇಕು. ಮೇಜಿನ ಮೇಲಿದ್ದಷ್ಟು ಹೊತ್ತೂ ಒಂದು ಕೈ ಮರಿಯ ಮೇಲಿರಲೇಬೇಕು. ದೂರವಾಣಿ ಕರೆ ಬಂತೆಂದು ತಿರುಗಿದ ಒಂದೇ ಕ್ಷಣ ಸಾಕು. ಪುಟ್ಟ ತಳಿಗಳ ಮುಂಗಾಲಿನ ಎರಡು ಎಳೆ ಮೂಳೆಗಳು ಪೆನ್ಸಿಲ್‌ನಷ್ಟೂ ದಪ್ಪವಿರುವುದಿಲ್ಲ. ಮಣಿಕಟ್ಟಿನ ಸಮೀಪ ರಕ್ತಸಂಚಾರವೂ ಕಡಿಮೆಯಿರುವುದರಿಂದ ಮುರಿದರೆ ಕೂಡಿಕೊಳ್ಳುವುದು ನಿಧಾನ. ಸೋಫಾದಿಂದ ಜಿಗಿದು ಕಾಲು ಮುರಿದುಕೊಂಡ ಪಾಮ್‌ಗಳು ಪಶುವೈದ್ಯರಿಗೆ ಹೊಸದೇನಲ್ಲ.

ಪ್ರದರ್ಶನದ ನಾಯಿಗೆ ಮೊದಲು ಕಲಿಸುವ ಪದ 'ಕೂರು' ಅಲ್ಲ, 'ನಿಲ್ಲು'. ಸಾಮಾನ್ಯ ತರಬೇತಿಯಲ್ಲಿ ಕೂರುವುದೇ ಮೊದಲ ಪಾಠ. ಆದರೆ ರಿಂಗ್‌ನಲ್ಲಿ ತಿಂಡಿ ಕಂಡೊಡನೆ ನಾಯಿ ಕುಳಿತುಬಿಟ್ಟರೆ ಬೆನ್ನಿನ ರೇಖೆಯೂ ಬಾಲದ ನಿಲುವೂ ತೀರ್ಪುಗಾರರಿಗೆ ಕಾಣಿಸುವುದಿಲ್ಲ. ನಾಲ್ಕೂ ಕಾಲು ಸಮವಾಗಿ ಊರಿ, ಕತ್ತೆತ್ತಿ, ಕಿವಿ ಮುಂದೆ ಮಾಡಿ ನಿಂತಾಗಲೇ ತಿಂಡಿ ಎಂಬ ಕರಾರು ಮರಿಗೆ ಅರ್ಥವಾಗಬೇಕು. ಎರಡಕ್ಕೂ ಬೇರೆ ಬೇರೆ ಪದ ಬಳಸಿದರೆ ನಾಯಿ ಗೊಂದಲಗೊಳ್ಳುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತೂ ಸುಳ್ಳಲ್ಲ.

ನಡಿಗೆಯ ಪಾಠ ಇನ್ನೂ ಸೂಕ್ಷ್ಮ. ಪುಟ್ಟ ನಾಯಿ ಚುರುಕಾದ ದುಡುಕಿನ ಓಟದಲ್ಲಿ ಸಾಗಬೇಕು, ಆದರೆ ನೆಗೆಯಬಾರದು. ಹಿಡಿದವರ ಹೆಜ್ಜೆ ತುಸು ಹೆಚ್ಚು ಕಡಿಮೆಯಾದರೂ ಲಯ ಕೆಡುತ್ತದೆ. ಕೆಲವರು ಪಟ್ಟಿಯನ್ನು ಮೇಲಕ್ಕೆ ಬಿಗಿಯಾಗಿ ಎಳೆದು, ಮುಂಗಾಲು ನೆಲಕ್ಕೆ ತಾಗಿಯೂ ತಾಗದಂತೆ ನಡೆಸುತ್ತಾರೆ. ಮುಂಗಾಲಿನ ದೋಷ ಮುಚ್ಚಿಡುವ ಹಳೆಯ ಉಪಾಯವದು. ಬಲ್ಲ ತೀರ್ಪುಗಾರರು 'ಪಟ್ಟಿ ಸಡಿಲಿಸಿ, ಇನ್ನೊಮ್ಮೆ ಬನ್ನಿ' ಎನ್ನುತ್ತಾರೆ. ಇದರಿಂದ ಗಂಟಲಿಗೂ ಅಪಾಯ. ಶ್ವಾಸನಾಳದ ಉಂಗುರಗಳು ದುರ್ಬಲವಾಗಿ ಕುಸಿಯುವ ಕಾಯಿಲೆ ಪಾಮ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್‌ಗಳಲ್ಲಿ ಸಾಮಾನ್ಯ. ಹೆಬ್ಬಾತಿನ ಕೂಗಿನಂಥ ಒಣ ಕೆಮ್ಮು ಅದರ ಗುರುತು. ಆದ್ದರಿಂದ ದಿನನಿತ್ಯದ ತಿರುಗಾಟಕ್ಕೆ ಎದೆಗೆ ಹಾಕುವ ಹಾರ್ನೆಸ್, ರಿಂಗ್‌ಗೆ ಮಾತ್ರ ತೆಳುವಾದ ಕತ್ತಿನ ಪಟ್ಟಿ.

ಒಂದು ತಮಾಷೆಯ ತೊಡಕೂ ಇದೆ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಬೆಳೆದ ನಾಯಿಗೆ ಹುಲ್ಲು ಎಂದರೇನೆಂದೇ ತಿಳಿದಿರುವುದಿಲ್ಲ. ನಮ್ಮಲ್ಲಿ ಪ್ರದರ್ಶನಗಳು ಹೆಚ್ಚಾಗಿ ಬಯಲಿನಲ್ಲಿ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಕಾಲಿಡಲು ಒಲ್ಲದೆ, ಒಂದೊಂದೇ ಪಾದ ಎತ್ತಿ ಕೊಡವುತ್ತಾ ನಿಂತ ಶಿ ತ್ಸು ಎಷ್ಟೇ ಸುಲಕ್ಷಣವಾಗಿದ್ದರೂ ತೀರ್ಪುಗಾರರು ಮಾಡುವುದೇನು?

ತುಪ್ಪಳದ ತಾಪತ್ರಯ

ಪಾಮೆರೇನಿಯನ್‌ಗೆ ಎರಡು ಪದರದ ತುಪ್ಪಳ. ಒಳಗೆ ಹತ್ತಿಯಂತೆ ಮೆತ್ತಗಿನ ದಟ್ಟ ಪದರ, ಹೊರಗೆ ನೀಳವಾದ ಒರಟು ಕೂದಲು. ಒಳಪದರ ಹೊರಕೂದಲನ್ನು ಎತ್ತಿ ಹಿಡಿಯುವುದರಿಂದಲೇ ಆ ಚೆಂಡಿನಂಥ ಆಕಾರ. ನಾಲ್ಕರಿಂದ ಎಂಟು ತಿಂಗಳ ನಡುವೆ ಮರಿಯ ಕೂದಲು ಉದುರಿ ಅದು ನರಿಗೂ ಕೋತಿಗೂ ನಡುವಿನ ರೂಪ ತಾಳುತ್ತದೆ. 'ಮೋಸ ಹೋದೆವು' ಎಂದು ಮಾಲೀಕರು ಕಂಗಾಲಾಗುವುದು ಆಗಲೇ. ಕಾಯಬೇಕಷ್ಟೆ, ಪೂರ್ಣ ತುಪ್ಪಳ ಬರಲು ಎರಡು ಮೂರು ವರ್ಷವೂ ಹಿಡಿದೀತು.

ಬಾಚುವುದಕ್ಕೂ ಕ್ರಮವಿದೆ. ಮೇಲ್ಮೈ ಮಾತ್ರ ಬಾಚಿದರೆ ಬುಡದಲ್ಲಿ ಗಂಟುಗಳು ಹಾಗೇ ಉಳಿಯುತ್ತವೆ. ಕೂದಲನ್ನು ಸಾಲು ಸಾಲಾಗಿ ಬೇರ್ಪಡಿಸಿ, ಚರ್ಮ ಕಾಣುವಂತೆ ಬುಡದಿಂದ ತುದಿಗೆ ಬಾಚಬೇಕು. ಒಣ ಕೂದಲು ತುಂಡಾಗುವುದರಿಂದ ಮೊದಲು ನೀರಿನ ಹನಿ. ಸ್ನಾನದ ಬಳಿಕ ಒಳಪದರ ಸಂಪೂರ್ಣ ಒಣಗದಿದ್ದರೆ ಚರ್ಮದ ಸೋಂಕು ಖಚಿತ, ಮಳೆಗಾಲದಲ್ಲಂತೂ ಹೇಳಲೇಬೇಕಿಲ್ಲ. ಶಿ ತ್ಸು ಮತ್ತು ಲಾಸಾ ಆಪ್ಸೊ ಸಾಕುವವರದ್ದು ಬೇರೆಯೇ ಪರಿಪಾಟಲು. ನೆಲ ಮುಟ್ಟುವ ಕೂದಲು ತುಂಡಾಗದಿರಲೆಂದು ಎಳೆಗಳನ್ನು ವಿಂಗಡಿಸಿ ತೆಳು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ. ಒಂದೆರಡು ದಿನಕ್ಕೊಮ್ಮೆ ಬಿಚ್ಚಿ, ಬಾಚಿ, ಮತ್ತೆ ಸುತ್ತಬೇಕು. ಪ್ರದರ್ಶನದ ದಿನ ರೇಷ್ಮೆಯ ತೆರೆಯಂತೆ ಹರಿದಾಡುವ ಆ ನಾಯಿ ಮನೆಯಲ್ಲಿ ಪೊಟ್ಟಣ ಕಟ್ಟಿದ ಅಂಗಡಿಯಂತೆ ಓಡಾಡಿಕೊಂಡಿರುತ್ತದೆ.

ಏಪ್ರಿಲ್ ಬಂತೆಂದರೆ 'ಪಾಪ, ಸೆಕೆ' ಎಂದು ಪಾಮೆರೇನಿಯನ್‌ನ ಕೂದಲನ್ನು ಬುಡಮಟ್ಟ ಬೋಳಿಸುವವರು ನಗರದಲ್ಲಿ ಬಹಳ. ಈ ವರದಿಗಾರನ ಬೀದಿಯಲ್ಲೇ ಅಂಥ ಒಂದು ನಾಯಿಯಿತ್ತು. ಎರಡು ಬೇಸಿಗೆ ಕಳೆದರೂ ಬೆನ್ನಿನ ಕೂದಲು ತೇಪೆ ತೇಪೆಯಾಗಿಯೇ ಉಳಿಯಿತು. ಎರಡು ಪದರದ ತುಪ್ಪಳ ಬಿಸಿಲಿನ ತಾಪಕ್ಕೂ ತಡೆ. ಬೋಳಿಸಿದ ಮೇಲೆ ಕೆಲವು ನಾಯಿಗಳಲ್ಲಿ ಕೂದಲು ಮರಳಲು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ, ಕೆಲವಲ್ಲಿ ಮೊದಲಿನಂತೆ ಆಗುವುದೇ ಇಲ್ಲ. ಅಂತರ್ಜಾಲದಲ್ಲಿ ಜನಪ್ರಿಯವಾದ 'ಟೆಡ್ಡಿ ಬೇರ್ ಕಟ್' ನೋಡಿ ಆಸೆಪಡುವವರು ಇದನ್ನು ಗಮನಿಸಬೇಕು. ಪ್ರದರ್ಶನದ ಪಾಮ್‌ಗೆ ಪಾದ, ಕಿವಿಯ ತುದಿ, ಗುದದ ಸುತ್ತ ತುಸು ಕತ್ತರಿ ಆಡಿಸುವುದಷ್ಟೇ ಸಂಪ್ರದಾಯ. ಕೂದಲಿನ ಬಣ್ಣ, ಒರಟುತನ ಬದಲಿಸುವ ಯಾವ ಪದಾರ್ಥವೂ ಪ್ರದರ್ಶನದ ವೇಳೆ ನಾಯಿಯ ಮೈಮೇಲಿರಬಾರದು ಎಂಬುದು ಬ್ರಿಟನ್ನಿನ ಕೆನೆಲ್ ಕ್ಲಬ್ ನಿಯಮ. ಹೇರ್‌ಸ್ಪ್ರೇ ಕೂಡ ಇದಕ್ಕೆ ಹೊರತಲ್ಲ.

ಕಾಣದ ದೋಷಗಳು

ಎರಡು ನಿಮಿಷದ ಪರೀಕ್ಷೆಯಲ್ಲಿ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಪುಟ್ಟ ತಳಿಗಳ ದೊಡ್ಡ ಶತ್ರು ಮೊಣಕಾಲಿನ ಚಿಪ್ಪು ತನ್ನ ತೋಡಿನಿಂದ ಪಕ್ಕಕ್ಕೆ ಜಾರುವ ತೊಂದರೆ. ನಡೆಯುತ್ತಿದ್ದ ನಾಯಿ ಎರಡು ಹೆಜ್ಜೆ ಹಿಂಗಾಲು ಎತ್ತಿ ಕುಂಟಿ ಮತ್ತೆ ಸರಿಯಾದರೆ ಅನುಮಾನಿಸಬೇಕು. ಪಶುವೈದ್ಯರು ಇದನ್ನು ಒಂದರಿಂದ ನಾಲ್ಕರವರೆಗೆ ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲ ದರ್ಜೆಯ ನಾಯಿ ರಿಂಗ್‌ನಲ್ಲಿ ಕುಂಟದೆ ಓಡಿ ಗೆದ್ದುಬಿಡಬಹುದು. ಗೆದ್ದ ನಾಯಿಗೆ ತಳಿ ಮುಂದುವರಿಸುವ ಬೇಡಿಕೆ ಹೆಚ್ಚು. ಜತೆಗೆ ಮೊಣಕಾಲಿನ ದೋಷವೂ ಮುಂದುವರಿಯುತ್ತದೆ. ಹಾಗಾಗಿ ಮರಿ ಕೊಳ್ಳುವಾಗ ತಂದೆ ತಾಯಿಯ ಕಪ್‌ಗಳ ಫೋಟೊಗಿಂತ ಮೊಣಕಾಲು, ಕಣ್ಣು, ಹೃದಯ ತಪಾಸಣೆಯ ಪತ್ರ ಕೇಳುವುದು ಬುದ್ಧಿವಂತಿಕೆ.

ಹಲ್ಲಿನದು ಇನ್ನೊಂದು ಕಥೆ. ನಾಲ್ಕರಿಂದ ಏಳು ತಿಂಗಳೊಳಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರಬೇಕು. ಪುಟ್ಟ ದವಡೆಯಲ್ಲಿ ಹಳೆಯ ಕೋರೆಹಲ್ಲು ಬೀಳದೆ, ಹೊಸದು ಪಕ್ಕದಲ್ಲೇ ಹುಟ್ಟಿ, ಜೋಡಣೆ ಕೆಡುವುದು ಸಾಮಾನ್ಯ. ಸಕಾಲದಲ್ಲಿ ಪಶುವೈದ್ಯರಿಂದ ಕೀಳಿಸದಿದ್ದರೆ ಪ್ರದರ್ಶನದ ಕನಸಷ್ಟೇ ಅಲ್ಲ, ಒಸಡೂ ಹಾಳು. ಗಂಡುಮರಿಯ ಎರಡೂ ವೃಷಣಗಳು ಇಳಿದಿವೆಯೇ ಎಂಬುದನ್ನು ತೀರ್ಪುಗಾರರು ನೋಡಿಯೇ ನೋಡುತ್ತಾರೆ. ಒಂದು ಮಾತ್ರ ಇಳಿದಿದ್ದರೆ ರಿಂಗ್‌ನ ಆಸೆ ಬಿಡಬೇಕು. ಅದು ಮನೆಯ ಒಳ್ಳೆಯ ನಾಯಿಯಾಗಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಗೆಲ್ಲುವ ಮೂತಿ, ಕಟ್ಟುವ ಉಸಿರು

2003ರಲ್ಲಿ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಿದ ಪಗ್ ದೇಶದ ಮನಸ್ಸನ್ನೇ ಗೆದ್ದಿತು. ಅಲ್ಲಿಯವರೆಗೆ ಅಪರೂಪವಾಗಿದ್ದ ತಳಿಗೆ ದಿಢೀರ್ ಬೇಡಿಕೆ. ಬೇಡಿಕೆಯ ಹಿಂದೆಯೇ ಅವಸರದ ತಳಿಗಾರಿಕೆ. ಚಪ್ಪಟೆ ಮೂತಿಯ ಈ ನಾಯಿಯ ಮೂಗಿನ ಹೊಳ್ಳೆಗಳು ಕಿರಿದು, ಮೃದು ಅಂಗುಳು ಉದ್ದ. ಒಳಗೆ ಗಾಳಿಗೆ ದಾರಿಯೇ ಸಾಲದು. ನಾಯಿಗಳು ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಏದುಸಿರಿಗೇ ಅಡ್ಡಿಯಾದರೆ? ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವ ದೇಹದ ಉಷ್ಣತೆ 41 ದಾಟಿದರೆ ಪ್ರಾಣಾಪಾಯ. ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಪಗ್‌ಗೆ ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅದರ ಗೊರಕೆ ಮುದ್ದಲ್ಲ, ಲಕ್ಷಣ.

ಈ ಪ್ರಶ್ನೆ ದೊಡ್ಡ ವೇದಿಕೆಗಳನ್ನೂ ಅಲುಗಾಡಿಸಿದೆ. 2003ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಕ್ರಫ್ಟ್ಸ್ ಪ್ರದರ್ಶನದಲ್ಲಿ ಡ್ಯಾನಿ ಎಂಬ ಪೆಕಿನೀಸ್ ಅಗ್ರಪ್ರಶಸ್ತಿ ಪಡೆದಾಗ ಅದು ಅಂಗುಳಿನ ಶಸ್ತ್ರಚಿಕಿತ್ಸೆಗೆ ಒಳಗಾಗಿತ್ತೆಂಬ ವಿಚಾರ ವಿವಾದವಾಯಿತು. 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ಶುದ್ಧ ತಳಿಗಳ ರೋಗಗಳನ್ನು ಬಯಲಿಗಿಟ್ಟಿತು. ಮರುವರ್ಷದಿಂದ ಬಿಬಿಸಿ ಕ್ರಫ್ಟ್ಸ್ ಪ್ರಸಾರವನ್ನೇ ನಿಲ್ಲಿಸಿತು. ಕೆನೆಲ್ ಕ್ಲಬ್ ಮಾನದಂಡಗಳನ್ನು ಪರಿಷ್ಕರಿಸಿತು. 2012ರ ಕ್ರಫ್ಟ್ಸ್‌ನಲ್ಲಿ ಆಯ್ದ 15 ತಳಿಗಳ ವಿಜೇತ ನಾಯಿಗಳಿಗೆ ಪಶುವೈದ್ಯರ ತಪಾಸಣೆ ಕಡ್ಡಾಯವಾದಾಗ ಪೆಕಿನೀಸ್ ಸೇರಿ ಆರು ತಳಿಗಳ ವಿಜೇತರು ಅನುತ್ತೀರ್ಣರಾದರು. ನೆದರ್ಲೆಂಡ್ಸ್ 2019ರಿಂದ ಇನ್ನೂ ಮುಂದೆ ಹೋಗಿ, ಮೂತಿಯ ಉದ್ದ ತಲೆಬುರುಡೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿರುವ ನಾಯಿಗಳ ತಳಿ ಬೆಳೆಸುವುದನ್ನೇ ತಡೆಯುತ್ತಿದೆ.

ಹಾಗೆಂದು ಪ್ರದರ್ಶನಗಳೇ ಬೇಡ ಎನ್ನುವುದು ಆತುರದ ಮಾತಾದೀತು. ಹೆಸರು, ವಂಶ, ಚಿಪ್ ಸಂಖ್ಯೆಯೊಂದಿಗೆ ಬಹಿರಂಗವಾಗಿ ನಿಲ್ಲುವ ತಳಿಗಾರರು ಉತ್ತರದಾಯಿಗಳಾಗಿರುತ್ತಾರೆ. ಫೋನ್ ಸಂಖ್ಯೆಯೊಂದನ್ನೇ ಕೊಟ್ಟು ಬಸ್ ನಿಲ್ದಾಣದಲ್ಲಿ ಮರಿ ಒಪ್ಪಿಸುವವರು ಅಲ್ಲ. ಆದರೆ ಪಗ್ ಸಾಕಿ ಪ್ರದರ್ಶಿಸುವವರು ಹೊಳ್ಳೆ ಅಗಲವಿರುವ, ಮೆಟ್ಟಿಲು ಹತ್ತಿದರೂ ಏದುಸಿರು ಬಿಡದ ನಾಯಿಗಳನ್ನೇ ಆರಿಸಿದರೆ ತಳಿಯ ದಿಕ್ಕು ಬದಲಾಗಬಲ್ಲದು. ತೀರ್ಪುಗಾರರೂ ಅಂಥವನ್ನು ಮೇಲೆತ್ತಬೇಕು. ಅದು ಎಲ್ಲ ಕಡೆ ಆಗುತ್ತಿದೆ ಎನ್ನುವ ಸ್ಥಿತಿ ಇನ್ನೂ ಬಂದಿಲ್ಲ.

ಪ್ರದರ್ಶನದ ದಿನ

ನಮ್ಮಲ್ಲಿ ಪ್ರದರ್ಶನಗಳು ಬಹುಪಾಲು ಚಳಿಗಾಲದ ತಿಂಗಳುಗಳಲ್ಲೇ ನಡೆಯುವುದಕ್ಕೆ ಬಿಸಿಲೇ ಕಾರಣ. ಆದರೂ ಮಧ್ಯಾಹ್ನದ ಹೊತ್ತಿಗೆ ಮೈದಾನ ಕಾಯುತ್ತದೆ. ಮಡಚುವ ಮೇಜು, ಗಾಳಿಯಾಡುವ ಪಂಜರ, ಬ್ಯಾಟರಿ ಫ್ಯಾನ್, ಒದ್ದೆ ಟವೆಲ್, ಮನೆಯದೇ ನೀರು, ಲಸಿಕೆ ಮತ್ತು ನೋಂದಣಿ ಪತ್ರಗಳ ಕಡತ ಜತೆಗಿರಬೇಕು. ಹಿಂದಿನ ರಾತ್ರಿಯೇ ಊಟ ಹಗುರವಾಗಿರಲಿ. ಆದರೆ ಪುಟ್ಟ ತಳಿಯನ್ನು ಉಪವಾಸ ಕೆಡವುವಂತಿಲ್ಲ ಎಂಬುದನ್ನು ಆಗಲೇ ಹೇಳಿದೆ. ಮೊದಲ ಬಾರಿಗೆ ಹೋಗುವವರು ನಾಯಿಯನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ ಇಡೀ ದಿನ ರಿಂಗ್‌ಬದಿಯಲ್ಲಿ ಕುಳಿತು ನೋಡಿ ಬರುವುದು ಒಳಿತು. ಪ್ರವೇಶ ಶುಲ್ಕವೂ ಉಳಿದೀತು, ಕಲಿಯುವುದಂತೂ ಬೆಟ್ಟದಷ್ಟಿರುತ್ತದೆ.

ಸೋತವರೂ ಗೆದ್ದವರೂ ಸಂಜೆ ಮನೆಗೆ ಮರಳಿದ ಮೇಲೆ ಮಾಡುವ ಕೆಲಸ ಒಂದೇ. ಮೈದಾನದ ಹುಲ್ಲಿನಲ್ಲಿ ಉಣ್ಣಿಗಳಿರುತ್ತವೆ. ನಮ್ಮ ನಗರಗಳಲ್ಲಿ ಉಣ್ಣಿ ಜ್ವರ ಎಲ್ಲ ಕಾಲದಲ್ಲೂ ಇರುವ ರೋಗ. ದೀಪದ ಬೆಳಕಿನಲ್ಲಿ ಕುಳಿತು ನಾಯಿಯ ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಕತ್ತಿನ ಪಟ್ಟಿಯ ಅಡಿಯಲ್ಲಿ ಬೆರಳಾಡಿಸಿ ಹುಡುಕಬೇಕು. ತಿಂಗಳುಗಟ್ಟಲೆ ಬೆಳೆಸಿದ ಆ ದಟ್ಟ ತುಪ್ಪಳದಲ್ಲಿ ಸಾಸಿವೆಕಾಳಿನಷ್ಟು ಚಿಕ್ಕ ಉಣ್ಣಿ ಸಿಗಲು ಗಂಟೆಯಾದರೂ ಬೇಕು.